ಮುಖ ಊದುತ್ತೆ, ಕಾರಣ ಸಿಗುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ಕಳೆದ ವರ್ಷ ಮಾರ್ಚಿನ ಒಂದು ಸೋಮವಾರ ಆಫೀಸಿನ ಹಾಜರಿ ಮಿಷನ್ನು ನನ್ನನ್ನು ಒಳಗೆ ಬಿಡಲಿಲ್ಲ. ಮುಖ ತೋರಿಸಿದರೆ ಬಾಗಿಲು ತೆಗೆಯುವ ಮಿಷನ್ನು ಅದು. ಮೂರು ಸಲ ನಿಂತೆ, ಮೂರು ಸಲವೂ ಕೆಂಪು ದೀಪ. ಸೆಕ್ಯುರಿಟಿಯವರು ಹತ್ತಿರ ಬಂದು ನೋಡಿ, "ಮೇಡಂ, ಜೇನು ಕಚ್ತಾ?" ಅಂದರು. ಮೇಲಿನ ತುಟಿ ಒಂದು ಕಡೆ ದಪ್ಪಗಾಗಿ ಮೂಗಿಗೆ ತಾಗುವ ಹಾಗಿತ್ತು. ಎಡಗಣ್ಣು ಅರ್ಧ ಮುಚ್ಚಿತ್ತು. ಬೆಂಗಳೂರಿನ ವಿಜಯನಗರದಿಂದ ಮೆಟ್ರೋದಲ್ಲಿ ಬರುವಾಗ ಮಾಸ್ಕ್ ಹಾಕಿಕೊಂಡು ಮುಚ್ಚಿಟ್ಟಿದ್ದೆ, ಮಿಷನ್ನಿನ ಮುಂದೆ ತೆಗೆಯಲೇಬೇಕಾಯಿತು.

ಅವತ್ತು ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. "ಏನೋ ಅಲರ್ಜಿ, ನಿನ್ನೆ ಏನು ತಿಂದ್ರಿ?" ಅಂದರು. ಹಿಂದಿನ ದಿನ ಭಾನುವಾರ, ಬದನೆಕಾಯಿ ಎಣ್ಣೆಗಾಯಿ ತಿಂದಿದ್ದೆ. ಸರಿ, ತಪ್ಪು ಬದನೆಕಾಯಿಯದ್ದು ಅಂತ ತೀರ್ಮಾನವಾಯಿತು. ಮರುದಿನ ಊತ ಇಳಿಯಿತು. ಇಪ್ಪತ್ತು ದಿನ ಬಿಟ್ಟು, ಬದನೆಕಾಯಿಯ ವಾಸನೆಯೂ ಇಲ್ಲದೆ, ಮತ್ತೆ ಬಂತು.

ಅಲ್ಲಿಂದ ಹದಿನಾಲ್ಕು ತಿಂಗಳು ಅಲೆದಿದ್ದೇನೆ. ನಾನು ಡಾಕ್ಟರಲ್ಲ, ಲೆಕ್ಕಪತ್ರ ನೋಡುವವಳು. ಆದರೆ ಈ ಅಲೆದಾಟದಲ್ಲಿ ಕಲಿತದ್ದನ್ನು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು ಅನ್ನಿಸಿ ಬರೆಯುತ್ತಿದ್ದೇನೆ. ಎಲ್ಲರೂ ಕೇಳುವುದು "ಯಾವುದರ ಅಲರ್ಜಿ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಊತ ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತು ಇತ್ತು, ತುರಿಸಿತಾ, ಯಾವ ಔಷಧಿಗೆ ಬಗ್ಗಿತು? ಊತಕ್ಕೂ ಒಂದು ನಡವಳಿಕೆ ಇರುತ್ತದೆ. ಅದನ್ನು ನೋಡಿದರೆ ಅದು ಯಾರ ಮನೆಯ ಮಗು ಅಂತ ಅರ್ಧ ಗೊತ್ತಾಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಮಾತು, ಇದಕ್ಕೆ ಕಾಯುವ ಹಾಗಿಲ್ಲ. ನಾಲಿಗೆ ಊದಿದರೆ, ಧ್ವನಿ ಬದಲಾದರೆ, ಎಂಜಲು ನುಂಗಲು ಆಗದಿದ್ದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವ ಹಾಗಾದರೆ ಲೇಖನ ಓದಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಎಮರ್ಜೆನ್ಸಿ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ನಿಮ್ಮ ನಂಬಿಕೆಯ ಡಾಕ್ಟರು ಸಿಲ್ಕ್ ಬೋರ್ಡ್ ಆಚೆ ಇದ್ದಾರೆ ಅಂತ ಆ ಟ್ರಾಫಿಕ್ಕಿಗೆ ಇಳಿಯಬೇಡಿ. ಜೋರಾದ ಅಲರ್ಜಿಯಲ್ಲಿ ಜೀವ ಉಳಿಸುವ ಮೊದಲ ಔಷಧಿ ಅಡ್ರಿನಲಿನ್, ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುತ್ತಾರೆ. ಮನೆಯಲ್ಲಿರುವ ಅಲರ್ಜಿ ಮಾತ್ರೆ ನುಂಗಿ ಕಾದು ನೋಡುವ ಹೊತ್ತಲ್ಲ ಅದು.

ಈಗ ವಿಷಯಕ್ಕೆ ಬರೋಣ. ಹೀಗೆ ತಟ್ಟನೆ ಬಂದು, ಗುರುತು ಉಳಿಸದೆ ಹೋಗುವ ಊತಕ್ಕೆ ಡಾಕ್ಟರುಗಳು ಇಟ್ಟ ಹೆಸರು ಆಂಜಿಯೋಎಡಿಮಾ. ನಮ್ಮಲ್ಲಿ ಪಿತ್ತದ ಗಂಧೆ ಅಂತೀವಲ್ಲ, ಮೈಮೇಲೆ ಕೆಂಪಗೆ ತಟ್ಟೆ ತಟ್ಟೆ ಎದ್ದು ತುರಿಸುವುದು, ಅದು ಚರ್ಮದ ಮೇಲ್ಪದರದಲ್ಲಿ ಆಗುತ್ತದೆ. ಅದೇ ಆಟ ಚರ್ಮದ ಆಳದಲ್ಲಿ ನಡೆದರೆ ಆಂಜಿಯೋಎಡಿಮಾ. 1882ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ ಇದನ್ನು ವಿವರವಾಗಿ ಬರೆದರು, ಹಾಗಾಗಿ ಹಳೆಯ ಪುಸ್ತಕಗಳಲ್ಲಿ ಕ್ವಿಂಕೆ ಊತ ಅಂತಲೂ ಇದೆ.

ಒಳಗೆ ಆಗುವುದೇನು? ಸಣ್ಣ ರಕ್ತನಾಳದ ಗೋಡೆ ಅಂದರೆ ಸಾಲಾಗಿ ಜೋಡಿಸಿದ ಕೋಶಗಳು, ಸಂದಿ ಬಿಡದೆ ಹೆಂಚು ಹೊದಿಸಿದ ಹಾಗೆ. ಕೆಲವು ರಾಸಾಯನಿಕಗಳು ಬಂದು ತಾಗಿದರೆ ಆ ಕೋಶಗಳು ಸ್ವಲ್ಪ ಸರಿದು ಸಂದಿ ಬಿಡುತ್ತವೆ. ರಕ್ತದ ನೀರಿನಂಶ ಆ ಸಂದಿಯಿಂದ ಹೊರಗೆ ಸೋರಿ ಅಕ್ಕಪಕ್ಕದ ಅಂಗಾಂಶದಲ್ಲಿ ತುಂಬಿಕೊಳ್ಳುತ್ತದೆ. ರೆಪ್ಪೆ, ತುಟಿ ಇವುಗಳ ಕೆಳಗೆ ಅಂಗಾಂಶ ಸಡಿಲ, ಚರ್ಮವೂ ತೆಳು. ಅದಕ್ಕೇ ನೀರು ಅಲ್ಲಿ ಬೇಗ ನಿಲ್ಲುತ್ತದೆ. ಅಂಗೈಯಲ್ಲೂ ಸೋರಬಹುದು, ಆದರೆ ಅಲ್ಲಿ ಚರ್ಮ ಬಿಗಿ, ಕನ್ನಡಿ ನೋಡಿ ಕಿರುಚುವಷ್ಟು ಊದುವುದಿಲ್ಲ.

ಸೋರಿಕೆ ಮಾಡಿಸುವ ರಾಸಾಯನಿಕಗಳಲ್ಲಿ ಮುಖ್ಯವಾದವು ಎರಡು. ನನ್ನ ಹದಿನಾಲ್ಕು ತಿಂಗಳ ಅಲೆದಾಟದಲ್ಲಿ ಮೊದಲ ಎಂಟು ತಿಂಗಳು ಈ ಎರಡರ ನಡುವಿನ ವ್ಯತ್ಯಾಸವನ್ನು ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ಕೇಳಲು ನನಗೂ ಗೊತ್ತಿರಲಿಲ್ಲ.

ಮೊದಲನೆಯದು ಹಿಸ್ಟಮಿನ್. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಇದನ್ನು ಮೂಟೆ ಕಟ್ಟಿ ಇಟ್ಟುಕೊಂಡಿರುತ್ತವೆ, ಕೆಣಕಿದರೆ ಮೂಟೆ ಬಿಚ್ಚುತ್ತವೆ. ಈ ಊತ ನಿಮಿಷಗಳಲ್ಲಿ ಇಲ್ಲವೇ ಒಂದೆರಡು ಗಂಟೆಯಲ್ಲಿ ಏರುತ್ತದೆ. ಹೆಚ್ಚಾಗಿ ತುರಿಕೆ ಇರುತ್ತದೆ, ಮೈಮೇಲೆ ಗಂಧೆ ಏಳಬಹುದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಲರ್ಜಿ ಮಾತ್ರೆಗೆ ಬಗ್ಗುತ್ತದೆ.

ಎರಡನೆಯದು ಬ್ರಾಡಿಕೈನಿನ್. ಇದರ ಊತ ನಿಧಾನವಾಗಿ, ಹಲವು ಗಂಟೆ ತೆಗೆದುಕೊಂಡು ಏರುತ್ತದೆ. ತುರಿಕೆ ಇಲ್ಲ, ಗಂಧೆ ಇಲ್ಲ, ಬಿಗಿತ ಇರುತ್ತದೆ. ಎರಡರಿಂದ ಐದು ದಿನ ಕೂತಿರುತ್ತದೆ. ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಇಂಜೆಕ್ಷನ್ ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ತಮಾಷೆ ಏನೆಂದರೆ ಹೀಗಿದ್ದವರಿಗೂ ಪ್ರತಿ ಸಲ ಅದೇ ಇಂಜೆಕ್ಷನ್ ಸಿಗುತ್ತದೆ, ಮೂರನೇ ದಿನ ಊತ ತಾನಾಗಿ ಇಳಿದಾಗ ಇಂಜೆಕ್ಷನ್ನಿಗೆ ಹೆಸರು ಬರುತ್ತದೆ.

ಬ್ರಾಡಿಕೈನಿನ್ ಅಂದ ಕೂಡಲೇ ನಮ್ಮ ದೊಡ್ಡಮ್ಮನ ಕಥೆ ಹೇಳಬೇಕು. ನನ್ನ ತುಟಿ ಊದಲು ಶುರುವಾದ ಮೇಲೆ ದೊಡ್ಡಮ್ಮ ಫೋನಿನಲ್ಲಿ, "ನಂಗೂ ಹಂಗೇ ಆಗುತ್ತೆ ಕಣೇ, ನಮ್ಮ ವಂಶದಲ್ಲೇ ಇದೆ" ಅಂದರು. ನಾನು ಹೆದರಿದೆ. ಆದರೆ ದೊಡ್ಡಮ್ಮನಿಗೆ ಶುರುವಾದದ್ದು ಅರವತ್ತೆರಡನೇ ವಯಸ್ಸಿಗೆ. ಒಂದು ರಾತ್ರಿ ನಾಲಿಗೆಯೇ ಊದಿ ಮಾತು ತೊದಲಿತು, ಮಕ್ಕಳು ಪಾರ್ಶ್ವವಾಯು ಅಂದುಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು ಕೇಳಿದ ಒಂದೇ ಪ್ರಶ್ನೆಗೆ ಗಂಟು ಬಿಚ್ಚಿತು. "ಅಜ್ಜಿ ಬಿಪಿಗೆ ಯಾವ ಮಾತ್ರೆ ತಗೋತಾರೆ?"

ರಾಮಿಪ್ರಿಲ್. ಎನಾಲಾಪ್ರಿಲ್, ಲಿಸಿನೊಪ್ರಿಲ್, ಹೀಗೆ ಹೆಸರಿನ ಕೊನೆಗೆ 'ಪ್ರಿಲ್' ಇರುವ ಮಾತ್ರೆಗಳೆಲ್ಲ ಒಂದೇ ಕುಟುಂಬ, ಎಸಿಇ ಇನ್ಹಿಬಿಟರ್ ಅನ್ನುತ್ತಾರೆ. ಒಳ್ಳೆಯ ಮಾತ್ರೆಗಳು, ಕೋಟ್ಯಂತರ ಜನರ ಹೃದಯ, ಕಿಡ್ನಿ ಕಾದಿವೆ. ಆದರೆ ಇವು ತಡೆಯುವ ಎಸಿಇ ಅನ್ನುವ ಕಿಣ್ವಕ್ಕೆ ಇನ್ನೊಂದು ಕೆಲಸವಿದೆ, ಬ್ರಾಡಿಕೈನಿನ್ನನ್ನು ಒಡೆದು ಹಾಕುವುದು. ಕಿಣ್ವ ಕಟ್ಟಿ ಹಾಕಿದರೆ ಬ್ರಾಡಿಕೈನಿನ್ ಉಳಿಯುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಸಾವಿರಕ್ಕೆ ಒಬ್ಬರಿಂದ ಏಳು ಜನರಿಗೆ ಮುಖ ನಾಲಿಗೆ ಊದುತ್ತದೆ.

"ಮೂರು ವರ್ಷದಿಂದ ನುಂಗ್ತಿದ್ದೀನಿ, ಈಗ್ಯಾಕೆ ಆಗುತ್ತೆ?" ಅಂತ ದೊಡ್ಡಮ್ಮ ಜಗಳಕ್ಕೇ ನಿಂತರು. ಎಲ್ಲರೂ ಎಡವುವುದು ಇಲ್ಲೇ. ಈ ಊತ ಮೊದಲ ವಾರದಲ್ಲೂ ಬರಬಹುದು, ವರ್ಷಗಳ ನಂತರವೂ ಬರಬಹುದು. ದೊಡ್ಡಮ್ಮನಿಗೆ ಅದೇ ವರ್ಷ ಸಕ್ಕರೆ ಕಾಯಿಲೆಗೆ ವಿಲ್ಡಾಗ್ಲಿಪ್ಟಿನ್ ಸೇರಿಸಿದ್ದರು. 'ಗ್ಲಿಪ್ಟಿನ್' ಜಾತಿಯ ಮಾತ್ರೆಯೂ 'ಪ್ರಿಲ್' ಜಾತಿಯದ್ದೂ ಒಟ್ಟಿಗೆ ಇದ್ದರೆ ಊತದ ಸಾಧ್ಯತೆ ಹೆಚ್ಚಾಗುತ್ತದೆ. ನಮ್ಮಲ್ಲಿ ಬಿಪಿ ಒಬ್ಬರ ಹತ್ತಿರ, ಶುಗರ್ ಇನ್ನೊಬ್ಬರ ಹತ್ತಿರ ತೋರಿಸುತ್ತಾರೆ. ಎರಡೂ ಚೀಟಿಯನ್ನು ಒಟ್ಟಿಗೆ ನೋಡುವವರು ಮೆಡಿಕಲ್ ಶಾಪಿನ ಹುಡುಗ ಒಬ್ಬನೇ ಅಲ್ವಾ.

ಬಿಪಿ ಮಾತ್ರೆಯನ್ನು ಡಾಕ್ಟರು ಬೇರೆ ಜಾತಿಗೆ ಬದಲಾಯಿಸಿದರು. ಆಮೇಲೂ ಕೆಲವು ವಾರದೊಳಗೆ ಒಂದು ಸಲ ತುಟಿ ಊದಿತು, ಅದು ಆಗಬಹುದು ಅಂತ ಮೊದಲೇ ಹೇಳಿದ್ದರು. ನಂತರ ಇಲ್ಲ. ದಯವಿಟ್ಟು ಇದನ್ನು ಓದಿ ನೀವೇ ಬಿಪಿ ಮಾತ್ರೆ ನಿಲ್ಲಿಸಿ ಕೂರಬೇಡಿ. ಸ್ಟ್ರಿಪ್ ಹಿಡಿದುಕೊಂಡು ಅವತ್ತೇ ಡಾಕ್ಟರ ಹತ್ತಿರ ಹೋಗಿ, ಅವರು ಬದಲಿ ಕೊಡುತ್ತಾರೆ.

ಒಂದು ಅಡ್ಡ ಮಾತು. ಈ ಬ್ರಾಡಿಕೈನಿನ್ ಗೊತ್ತಾಗಿದ್ದು ಹಾವಿನ ವಿಷದ ದೆಸೆಯಿಂದ. 1949ರಲ್ಲಿ ಬ್ರೆಜಿಲಿನ ಮೌರಿಸಿಯೊ ರೋಶಾ ಇ ಸಿಲ್ವಾ ಮತ್ತು ಜೊತೆಗಾರರು ಅಲ್ಲಿನ ಜರಾರಾಕಾ ಅನ್ನುವ ಮಂಡಲದ ಜಾತಿಯ ಹಾವಿನ ವಿಷವನ್ನು ಪರೀಕ್ಷೆ ಮಾಡುವಾಗ, ವಿಷ ಸೇರಿದ ರಕ್ತದಲ್ಲಿ ಇದು ಹುಟ್ಟುವುದನ್ನು ಕಂಡರು. ಅದೇ ವಿಷದಲ್ಲಿ, ಹೀಗೆ ಹುಟ್ಟಿದ ಬ್ರಾಡಿಕೈನಿನ್ ಒಡೆಯದಂತೆ ತಡೆಯುವ ಅಂಶವೂ ಇತ್ತು. ಅದರ ಜಾಡು ಹಿಡಿದು ಹೋದವರು ಕ್ಯಾಪ್ಟೊಪ್ರಿಲ್ ಮಾಡಿದರು, 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಲ್ಲ 'ಪ್ರಿಲ್'ಗಳ ದೊಡ್ಡಣ್ಣ ಅದು. ಬಿಪಿ ಇಳಿಸುವ ಗುಣ, ನಾಲಿಗೆ ಊದಿಸುವ ಗುಣ ಎರಡೂ ಒಂದೇ ಹಾವಿನ ಹಲ್ಲಿನಿಂದ ಬಂದವು. ದೊಡ್ಡಮ್ಮನಿಗೆ ಇದನ್ನು ಹೇಳಿದ ಮೇಲೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರು, ಅದು ಬೇರೆ ಮಾತು.

ಹಾಗಾದರೆ ನಿಜವಾಗಿ ವಂಶದಲ್ಲಿ ಬರುವ ಊತ ಇಲ್ಲವೇ? ಇದೆ. ಹೆರಿಡಿಟರಿ ಆಂಜಿಯೋಎಡಿಮಾ ಅನ್ನುತ್ತಾರೆ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಅಂತ ಅಂದಾಜು. ಬೆಂಗಳೂರಿನಷ್ಟು ದೊಡ್ಡ ಊರಿಗೆ ಆ ಲೆಕ್ಕ ಹಾಕಿ ನೋಡಿ, ಇನ್ನೂರಕ್ಕೂ ಹೆಚ್ಚು ಜನ ಆಗುತ್ತಾರೆ. ಅವರಲ್ಲಿ ಎಷ್ಟು ಜನರಿಗೆ ತಮ್ಮ ರೋಗದ ಹೆಸರು ಗೊತ್ತಿರಬಹುದು ಅಂತ ಯೋಚಿಸಿದರೆ ಬೇಸರವಾಗುತ್ತದೆ. ಇದರಲ್ಲಿ ಸಿ1 ಇನ್ಹಿಬಿಟರ್ ಅನ್ನುವ ಪ್ರೋಟೀನು ಕಡಿಮೆ ಇರುತ್ತದೆ, ಇಲ್ಲವೇ ಇದ್ದೂ ಕೆಲಸ ಮಾಡುವುದಿಲ್ಲ. ಬ್ರಾಡಿಕೈನಿನ್ ತಯಾರಾಗುವುದಕ್ಕೆ ಕಡಿವಾಣ ಹಾಕುವುದು ಅದೇ. ಈ ಪ್ರೋಟೀನಿನ ಕೊರತೆ ಗೊತ್ತಾಗಿದ್ದು 1963ರಲ್ಲಿ. ಹೆಚ್ಚಾಗಿ ಬಾಲ್ಯದಲ್ಲಿ ಅಥವಾ ಹದಿವಯಸ್ಸಿನಲ್ಲಿ ಶುರುವಾಗುತ್ತದೆ. ಮುಖ, ಕೈ, ಕಾಲು ಊದುವುದರ ಜೊತೆಗೆ ಕರುಳೂ ಊದುತ್ತದೆ, ಆಗ ತಡೆಯಲಾಗದ ಹೊಟ್ಟೆನೋವು. ಅಪೆಂಡಿಕ್ಸ್ ಅಂತ ಹೊಟ್ಟೆ ಕೊಯ್ಸಿಕೊಂಡವರೂ ಇದ್ದಾರೆ. ಹಲ್ಲು ಕೀಳಿಸಿದ ಮೇಲೆ ಗಂಟಲು ಊದುವ ಅಪಾಯವಿದೆ, ಆದ್ದರಿಂದ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ಇದನ್ನು ಕೆರಳಿಸುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ನಾಲ್ವರಲ್ಲಿ ಒಬ್ಬರ ಮನೆಯಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಹೊಸದಾಗಿ ಅವರಿಂದಲೇ ಶುರು. ಹಾಗಾಗಿ "ನಮ್ಮನೇಲಿ ಯಾರಿಗೂ ಇಲ್ಲ" ಅಂದ ಮಾತ್ರಕ್ಕೆ ಇದನ್ನು ಕೈಬಿಡುವ ಹಾಗಿಲ್ಲ.

ಇದರ ಮೊದಲ ಪರೀಕ್ಷೆ, ರಕ್ತದಲ್ಲಿರುವ ಸಿ4 ಅನ್ನುವ ಪ್ರೋಟೀನನ್ನು ಅಳೆಯುವ ಒಂದು ರಕ್ತಪರೀಕ್ಷೆ. ಸಿ4 ಕಡಿಮೆ ಬಂದರೆ ಸಿ1 ಇನ್ಹಿಬಿಟರ್ ಎಷ್ಟಿದೆ, ಕೆಲಸ ಮಾಡುತ್ತಿದೆಯಾ ಅಂತ ನೋಡುತ್ತಾರೆ. ಊತ ಇಲ್ಲದ ದಿನವೂ ಬಹುತೇಕರಲ್ಲಿ ಸಿ4 ಕಡಿಮೆಯೇ ಇರುತ್ತದೆ. ನನಗೆ ಈ ಪರೀಕ್ಷೆ ಬರೆದುಕೊಟ್ಟದ್ದು ಐದನೇ ಡಾಕ್ಟರು. ಅದಕ್ಕೂ ಮೊದಲು ನನ್ನ ಕೈಯಲ್ಲಿ ಬೇರೆ ಎಂಥೆಂಥದೋ ರಿಪೋರ್ಟು ಇದ್ದವು.

ಆ ರಿಪೋರ್ಟುಗಳ ಕಥೆ ಕೇಳಿ. ಒಂದು ಲ್ಯಾಬಿನಲ್ಲಿ ದೊಡ್ಡ ಅಲರ್ಜಿ ಪ್ಯಾನೆಲ್ ಮಾಡಿಸಿದೆ. ಧೂಳಿನ ಹುಳ, ಜಿರಳೆ, ಟೊಮ್ಯಾಟೊ, ಕಡಲೆಕಾಯಿ, ಗೋಧಿ ಎಲ್ಲದರ ಮುಂದೆ ಪಾಸಿಟಿವ್. ಬಸವನಗುಡಿ ಕಡಲೆಕಾಯಿ ಪರಿಷೆಗೆ ಹುಟ್ಟಿದಾಗಿನಿಂದ ಹೋಗಿ ಬಂದವಳಿಗೆ ಕಡಲೆಕಾಯಿ ಅಲರ್ಜಿಯಂತೆ! ಐದು ತಿಂಗಳು ಎಲ್ಲ ಬಿಟ್ಟೆ. ಟೊಮ್ಯಾಟೊ ಇಲ್ಲದ ಸಾರು, ಶೇಂಗಾ ಇಲ್ಲದ ಚಿತ್ರಾನ್ನ. ಆರು ಕೆಜಿ ಇಳಿದೆ. ಮುಖ ಮಾತ್ರ ತನ್ನ ಪಾಡಿಗೆ ಊದುತ್ತಲೇ ಇತ್ತು.

ಈ ಪರೀಕ್ಷೆ ಹೇಳುವುದು ಇಷ್ಟೇ: ನಿಮ್ಮ ದೇಹ ಆ ವಸ್ತುವಿನ ಪರಿಚಯ ಮಾಡಿಕೊಂಡು ಐಜಿಇ ಅನ್ನುವ ಪ್ರತಿಕಾಯ ಮಾಡಿಟ್ಟುಕೊಂಡಿದೆ. ಪರಿಚಯ ಇದ್ದವರೆಲ್ಲ ಶತ್ರುಗಳಲ್ಲ. ಆ ಪದಾರ್ಥ ತಿಂದ ಮೇಲೆ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ, ಪ್ರತಿ ಸಲವೂ ತೊಂದರೆ ಬರುತ್ತಿದ್ದರೆ ಮಾತ್ರ ಆ ಪಾಸಿಟಿವ್‌ಗೆ ಅರ್ಥ. ಕಥೆ ಮೊದಲು, ಪರೀಕ್ಷೆ ಆಮೇಲೆ. ಐಜಿಜಿ ಅನ್ನುವ ಬೇರೆ ಪ್ರತಿಕಾಯವನ್ನು ನೋಡುವ ಐಜಿಜಿ ಫುಡ್ ಟೆಸ್ಟ್ ಅಂತ ಇನ್ನೊಂದು ಮಾರುತ್ತಾರೆ. ಅದು ನೀವು ಏನು ತಿಂದಿದ್ದೀರಿ ಅನ್ನುವುದಕ್ಕೆ ಸಾಕ್ಷಿ, ಅಲರ್ಜಿಗಲ್ಲ. ಅದಕ್ಕೆ ದುಡ್ಡು ಹಾಕಬೇಡಿ.

ಆರು ವಾರಕ್ಕಿಂತ ಹೆಚ್ಚು ಕಾಲ ಮತ್ತೆ ಮತ್ತೆ ಬರುವ ಗಂಧೆ ಮತ್ತು ಊತದಲ್ಲಿ ಊಟ ಕಾರಣವಾಗಿರುವುದು ಬಹಳ ಕಡಿಮೆ. ಇದನ್ನು ನಂಬಲು ನನಗೆ ತುಂಬಾ ಕಷ್ಟವಾಯಿತು. ನಮಗೆ ಊಟದ ಮೇಲೆ ಗುಮಾನಿ ಜಾಸ್ತಿ. ಪಿತ್ತ, ನಂಜು, ಉಷ್ಣ ಅಂತ ಎಲ್ಲಕ್ಕೂ ಅಡುಗೆಮನೆಯಲ್ಲೇ ಕಳ್ಳನನ್ನು ಹುಡುಕುವುದು ಅಭ್ಯಾಸ.

ಇನ್ನು, ಎಲ್ಲ ಊತವೂ ಆಂಜಿಯೋಎಡಿಮಾ ಅಲ್ಲ. ಊತ ಬಂದು ಹೋಗುವುದಾ, ಇಲ್ಲಾ ಬಂದು ನಿಂತುಬಿಡುವುದಾ ಅನ್ನುವುದು ದೊಡ್ಡ ಕವಲು.

ಬೆಳಗ್ಗೆ ಎದ್ದಾಗ ಎರಡೂ ಕಣ್ಣಿನ ಸುತ್ತ ಉಬ್ಬಿ, ಸಂಜೆ ಹೊತ್ತಿಗೆ ಅದು ಇಳಿದು ಕಾಲು ಊದುತ್ತಿದ್ದರೆ ಮೊದಲು ಕಿಡ್ನಿ ನೋಡಿಸಬೇಕು. ರಾತ್ರಿ ಮಲಗಿದಾಗ ನೀರು ಮುಖದಲ್ಲಿ ನಿಲ್ಲುತ್ತದೆ, ಹಗಲು ಓಡಾಡಿದಾಗ ಕಾಲಿಗೆ ಇಳಿಯುತ್ತದೆ. ಮೂತ್ರದಲ್ಲಿ ಸೋಪಿನ ನೊರೆಯಂತೆ ನೊರೆ ನಿಂತರೆ ಪ್ರೋಟೀನು ಸೋರುತ್ತಿರಬಹುದು. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಸೋರಿ, ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ಕಡಿಮೆಯಾಗಿ ಮೈ ಊದಿದರೆ ನೆಫ್ರೋಟಿಕ್ ಸಿಂಡ್ರೋಮ್ ಅನ್ನುತ್ತಾರೆ. ಮಕ್ಕಳಲ್ಲಿ ಇದನ್ನು ಸೊಳ್ಳೆ ಕಡಿದಿದೆ, ಕಣ್ಣಿನ ಅಲರ್ಜಿ ಅಂತ ವಾರಗಟ್ಟಲೆ ಬಿಡುವುದುಂಟು. ಒಂದು ಸಾದಾ ಮೂತ್ರ ಪರೀಕ್ಷೆ ಸಾಕು, ಯಾವ ಗಲ್ಲಿಯ ಲ್ಯಾಬಿನಲ್ಲೂ ಆಗುತ್ತದೆ. ಮುಖ ಊದಿದವರಿಗೆ ಮಾಡಿಸಬೇಕಾದ ಮೊದಲ ಪರೀಕ್ಷೆ ಇದೇ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಖರ್ಚು ಕಡಿಮೆ, ತಪ್ಪಿದರೆ ನಷ್ಟ ಜಾಸ್ತಿ.

ಥೈರಾಯ್ಡ್ ಕಡಿಮೆಯಾದರೆ ಮುಖ ನಿಧಾನವಾಗಿ, ತಿಂಗಳುಗಟ್ಟಲೆಯಲ್ಲಿ ದಪ್ಪಗಾಗುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುವುದಿಲ್ಲ. ಚಳಿ ತಡೆಯದು, ಮಲಬದ್ಧತೆ, ಸುಸ್ತು ಜೊತೆಗಿರುತ್ತವೆ. ಟಿಎಸ್‌ಎಚ್ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಕೆನ್ನೆ ಗುಂಡಗಾಗಿ ಹಾಗೇ ಉಳಿದರೆ ಸ್ಟೀರಾಯ್ಡ್ ನೆನಪಿಸಿಕೊಳ್ಳಿ. ಡಾಕ್ಟರುಗಳು ಇದಕ್ಕೆ ಮೂನ್ ಫೇಸ್ ಅನ್ನುತ್ತಾರೆ. ನಮ್ಮ ಕವಿಗಳಿಗೆ ಚಂದ್ರನಂಥ ಮುಖ ಹೊಗಳಿಕೆ, ಇಲ್ಲಿ ಅದು ರೋಗಲಕ್ಷಣ. ಮಂಡಿನೋವಿಗೆ, ಉಬ್ಬಸಕ್ಕೆ ಅಂತ ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖದ ಊತಕ್ಕೆ ಅಂತ ಪ್ರತಿ ಸಲ ಸ್ಟೀರಾಯ್ಡ್ ಮಾತ್ರೆ ನುಂಗುತ್ತಾ ಹೋದರೆ ಕೊನೆಗೆ ಊತ ಯಾವುದು, ಔಷಧಿಯ ಉಬ್ಬು ಯಾವುದು ಅಂತ ತಿಳಿಯದ ಸ್ಥಿತಿಗೆ ಬರುತ್ತೀರಿ. ನಾನು ಅಲ್ಲಿಗೆ ಹತ್ತಿರ ಹೋಗಿ ಬಂದಿದ್ದೇನೆ. ಹಾಗಂತ ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಒಂದೇ ದಿನ ನಿಲ್ಲಿಸುವುದೂ ಅಪಾಯ, ಡಾಕ್ಟರು ಹಂತ ಹಂತವಾಗಿ ಇಳಿಸಬೇಕು.

ಒಂದೇ ಕಡೆ, ನೋವು, ಬಿಸಿ, ಜ್ವರ ಇದ್ದರೆ ಹಲ್ಲಿನ ಬೇರಿನಲ್ಲಿ ಕೀವು ಇರಬಹುದು, ಅವತ್ತೇ ತೋರಿಸಿ. ಕಿವಿಯ ಕೆಳಗೆ ದವಡೆಯ ಮೂಲೆಯಲ್ಲಿ ಆದರೆ ಮಂಗನಬಾವು, ಅಥವಾ ಎಂಜಲಿನ ಗ್ರಂಥಿಯ ಬೇರೆ ತೊಂದರೆ. ಮುಖ, ಕುತ್ತಿಗೆ ಎರಡೂ ಊದಿ, ಚಪ್ಪಲಿ ಹಾಕಲು ಬಗ್ಗಿದರೆ ತಲೆ ಸಿಡಿಯುವಂತಾಗಿ, ಎದೆಯ ಮೇಲೆ ನರಗಳು ಉಬ್ಬಿ ಕಂಡರೆ ಎದೆಯೊಳಗಿನ ದೊಡ್ಡ ರಕ್ತನಾಳಕ್ಕೆ ಏನೋ ಒತ್ತುತ್ತಿರಬಹುದು. ಇದು ಅಪರೂಪ, ಆದರೆ ತಡಮಾಡುವ ವಿಷಯವಲ್ಲ. ತುಟಿ ಊದಿ ಇಳಿಯದೆ ಗಟ್ಟಿಯಾಗಿ ಉಳಿದರೆ ಅದರ ಗುಂಪೇ ಬೇರೆ, ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಿದರೆ ತಿಳಿಯುತ್ತದೆ.

ಹೇರ್ ಡೈ ಮರೆಯಬಾರದು. ಕಪ್ಪು ಡೈಯಲ್ಲಿರುವ ಪಿಪಿಡಿ ಅನ್ನುವ ಪದಾರ್ಥ ಎಷ್ಟೋ ಜನರಿಗೆ ಆಗುವುದಿಲ್ಲ. ಡೈ ಹಚ್ಚಿದ್ದು ಶನಿವಾರ, ಕಣ್ಣು ಮುಚ್ಚಿಹೋಗುವಷ್ಟು ಊದುವುದು ಸೋಮವಾರ, ನಡುವೆ ಮದುವೆ ಊಟ ಆಗಿರುತ್ತದೆ, ದೂರು ಊಟದ ಮೇಲೆ. ಹತ್ತು ವರ್ಷ ಹಚ್ಚಿ ಏನೂ ಆಗದವರಿಗೂ ಹನ್ನೊಂದನೇ ವರ್ಷ ಆಗಬಹುದು. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ ಇನ್ನೊಂದು. ಪಾರ್ಥೇನಿಯಂ ಅಂತ ಇದರ ಹೆಸರು, 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ದೇಶವೆಲ್ಲ ಹಬ್ಬಿತು. ಇದರ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂತು ಚರ್ಮ ಕೆಂಪಾಗಿ, ತುರಿಸಿ, ದಪ್ಪಗಾಗಿ ಸಿಪ್ಪೆ ಏಳುತ್ತದೆ. ಸಿಪ್ಪೆ ಎದ್ದರೆ ಅದು ಆಂಜಿಯೋಎಡಿಮಾ ಅಲ್ಲ, ಚರ್ಮದ ಮೇಲಿನ ಅಲರ್ಜಿ. ಇವೆರಡಕ್ಕೂ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಬೇಕು, ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಇಷ್ಟನ್ನೆಲ್ಲ ನೀವೇ ಬಿಡಿಸಬೇಕಾಗಿಲ್ಲ. ನಿಮ್ಮ ಕೆಲಸ ಸಾಕ್ಷಿ ಕೂಡಿಸುವುದು. ತೊಂದರೆ ಏನೆಂದರೆ ಅಪಾಯಿಂಟ್‌ಮೆಂಟ್ ಸಿಗುವ ದಿನ ಮುಖ ನೆಟ್ಟಗಿರುತ್ತದೆ. ಮೂರನೇ ಡಾಕ್ಟರು ನನ್ನನ್ನು ನೋಡಿ, "ಚೆನ್ನಾಗೇ ಇದ್ದೀರಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸಿದರು. ಹೊರಗೆ ಬಂದು ಆಟೋದಲ್ಲಿ ಅತ್ತಿದ್ದೇನೆ. ಟೆನ್ಷನ್ನಿನಿಂದ ಊತ ಹೆಚ್ಚುತ್ತದೆ, ನಿಜ. ಆದರೆ ಟೆನ್ಷನ್ ಅನ್ನುವುದು ರೋಗದ ಹೆಸರಲ್ಲ.

ಆಮೇಲೆ ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ಲೆಕ್ಕ ಬರೆದೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಊತ ಶುರುವಾದ ಗಂಟೆ, ತುತ್ತತುದಿ ಮುಟ್ಟಿದ ಗಂಟೆ, ಪೂರ್ತಿ ಇಳಿದ ಗಂಟೆ, ಎಲ್ಲಿ, ತುರಿಕೆ ಇತ್ತಾ, ಗಂಧೆ ಇತ್ತಾ, ಹೊಟ್ಟೆನೋವು ಇತ್ತಾ. ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ನುಂಗಿದ ಮಾತ್ರೆ, ಮುಟ್ಟಿನ ದಿನ, ಹಲ್ಲಿನ ಕೆಲಸ, ಡೈ, ಜ್ವರ. ಯಾವ ಔಷಧಿ ತಗೊಂಡೆ, ಎಷ್ಟು ಹೊತ್ತಿಗೆ ಇಳಿಯಿತು. ಎರಡೆರಡು ಗಂಟೆಗೆ ಒಂದು ಫೋಟೋ, ಒಂದೇ ಕಿಟಕಿಯ ಹತ್ತಿರ ನಿಂತು, ಫಿಲ್ಟರ್ ಇಲ್ಲದೆ. ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನು ಒಂದು ಜಿಪ್ ಕವರಿನಲ್ಲಿ ಹಾಕಿಟ್ಟೆ. ವಿಟಮಿನ್, ಆಯುರ್ವೇದದ ಗುಳಿಗೆ, ಪಕ್ಕದ ಮನೆಯವರು ಕೊಟ್ಟ ತಲೆನೋವಿನ ಮಾತ್ರೆ ಕೂಡ ಬಿಡಲಿಲ್ಲ.

ಒಂಬತ್ತು ಸಲದ ಲೆಕ್ಕ ಕೂಡಿದ ಮೇಲೆ ಎರಡು ವಿಷಯ ಎದ್ದು ಕಂಡವು. ಯಾವ ಸಲವೂ ಊತ ಮೂವತ್ತಾರು ಗಂಟೆ ದಾಟಿರಲಿಲ್ಲ. ಮತ್ತೆ ಒಂಬತ್ತರಲ್ಲಿ ಐದು ಸಲ, ಊತಕ್ಕೆ ಕೆಲವು ಗಂಟೆ ಮೊದಲು ನೋವಿನ ಮಾತ್ರೆ ನುಂಗಿದ್ದೆ. ಮುಟ್ಟಿನ ಹೊಟ್ಟೆನೋವಿಗೆ, ತಲೆನೋವಿಗೆ, ಅಂಗಡಿಯಲ್ಲಿ ಕೇಳಿದರೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು. ಊತಕ್ಕೆ ಬೇರು ಅದಲ್ಲ, ಯಾಕೆಂದರೆ ಉಳಿದ ನಾಲ್ಕು ಸಲ ಅದಿರಲಿಲ್ಲ. ಆದರೆ ಮಾಸ್ಟ್ ಕೋಶಗಳು ಮೊದಲೇ ಮುಂಗೋಪದಲ್ಲಿದ್ದವರಿಗೆ ಈ ಮಾತ್ರೆಗಳು ಉರಿಯುವ ಬೆಂಕಿಗೆ ತುಪ್ಪ. ಅಂಥವರಲ್ಲಿ ಬಹಳಷ್ಟು ಜನರಿಗೆ ಪ್ಯಾರಾಸಿಟಮಾಲ್ ತೊಂದರೆ ಕೊಡುವುದಿಲ್ಲ.

ಐದನೇ ಡಾಕ್ಟರು, ಒಂದು ಮೆಡಿಕಲ್ ಕಾಲೇಜ್ ಆಸ್ಪತ್ರೆಯ ಚರ್ಮರೋಗ ವಿಭಾಗದವರು, ನೋಟ್‌ಬುಕ್ಕನ್ನು ಹದಿನೈದು ನಿಮಿಷ ಓದಿದರು. ನನ್ನ ಮುಖವನ್ನು ಅಷ್ಟು ಹೊತ್ತು ನೋಡಲಿಲ್ಲ. ಮೂತ್ರ, ಕಿಡ್ನಿ ನೋಡುವ ಕ್ರಿಯಾಟಿನಿನ್, ಆಲ್ಬುಮಿನ್, ಟಿಎಸ್‌ಎಚ್, ರಕ್ತದ ಎಣಿಕೆ, ಸಿ4. ಇಷ್ಟೇ ಬರೆದರು. ಎಲ್ಲ ಸರಿಯಾಗಿ ಬಂತು. ನನಗೆ ಎಂದಿನಂತೆ ನಿರಾಸೆ. ಆದರೆ ಅವರು ಹೇಳಿದ್ದು ಬೇರೆ. ಸಿ4 ಸರಿಯಿದೆ, 'ಪ್ರಿಲ್' ಮಾತ್ರೆ ಇಲ್ಲ, ಒಂದೂವರೆ ದಿನದಲ್ಲಿ ಇಳಿಯುತ್ತಿದೆ, ಹಾಗಾದರೆ ಬ್ರಾಡಿಕೈನಿನ್ ಬಹುಮಟ್ಟಿಗೆ ಹೊರಗಾಯಿತು. ಇನ್ನು ಮುಂದಿನ ಪರೀಕ್ಷೆ ಲ್ಯಾಬಿನಲ್ಲಿ ಇಲ್ಲ, ಔಷಧಿಯೇ ಪರೀಕ್ಷೆ.

ಅಂದರೆ ಊತ ಬಂದಾಗ ಮಾತ್ರ ನುಂಗುತ್ತಿದ್ದ ಅಲರ್ಜಿ ಮಾತ್ರೆಯನ್ನು, ನಿದ್ದೆ ಬರಿಸದ ಜಾತಿಯದ್ದನ್ನು, ದಿನವೂ ತೆಗೆದುಕೊಳ್ಳುವುದು. ಎರಡರಿಂದ ನಾಲ್ಕು ವಾರ ನೋಡಿ, ಸಾಲದಿದ್ದರೆ ಡೋಸನ್ನು ಏರಿಸುವುದು. ಡಾಕ್ಟರ ನಿಗಾದಲ್ಲಿ ಸಾಮಾನ್ಯ ಡೋಸಿನ ನಾಲ್ಕು ಪಟ್ಟಿನವರೆಗೆ ಹೋಗಲು ಅವಕಾಶವಿದೆ. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮಾಬ್ ಅಂತ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ದುಬಾರಿ. ಮಾತ್ರೆಗೆ ಊತ ನಿಂತರೆ ಅದು ಹಿಸ್ಟಮಿನ್ ಕಡೆಯದ್ದು ಅಂತ ಆಯಿತು. ಒಂದು ವೇಳೆ ಇಷ್ಟು ಡೋಸಿಗೂ ಜಗ್ಗದಿದ್ದರೆ ಮತ್ತೆ ಬ್ರಾಡಿಕೈನಿನ್ ಕಡೆಗೆ ತಿರುಗಬೇಕು, ಸಿ4 ಸರಿಯಿದ್ದೂ ಬರುವ ವಂಶವಾಹಿ ಬಗೆ ಒಂದಿದೆ, ಅದನ್ನು ಹುಡುಕಬೇಕು.

ನನಗೆ ದಿನಕ್ಕೆ ಎರಡು ಮಾತ್ರೆಗೆ ಸ್ವಲ್ಪ ಕಡಿಮೆಯಾಯಿತು, ನಾಲ್ಕಕ್ಕೆ ನಿಂತಿತು. ಫೈಲಿನ ಮೇಲೆ 'ಸ್ಪಾಂಟೇನಿಯಸ್' ಅಂತ ಬರೆದಿದ್ದಾರೆ. ಹೊರಗಿನ ಕಾರಣ ಇಲ್ಲದೆ ತಾನಾಗಿ ಬರುವುದು ಅಂತ ಅರ್ಥ. ಎಷ್ಟೋ ಜನರಲ್ಲಿ ದೇಹದ ಸ್ವಂತ ಪ್ರತಿಕಾಯಗಳೇ ಮಾಸ್ಟ್ ಕೋಶಗಳನ್ನು ಕೆಣಕುತ್ತವೆ. "ಅಂದ್ರೆ ಕಾರಣ ಗೊತ್ತಿಲ್ಲ ಅಂತ ತಾನೆ?" ಅಂದರು ನಮ್ಮತ್ತೆ. ಹೌದು ಅಂತಲೇ ಅನ್ನಿ. ಆದರೆ ಕಿಡ್ನಿ ಅಲ್ಲ, ವಂಶದ್ದಲ್ಲ, ಬದನೆಕಾಯಿಯಂತೂ ಅಲ್ಲ, ಹೆಚ್ಚಿನವರಲ್ಲಿ ಕೆಲವು ವರ್ಷಕ್ಕೆ ತಾನೇ ನಿಲ್ಲುತ್ತದೆ ಅಂತ ಗೊತ್ತಾದ ಮೇಲೆ 'ಗೊತ್ತಿಲ್ಲ' ಅನ್ನುವುದರ ಭಾರ ಬೇರೆ. ಮೊದಲು ಅದು ಕತ್ತಲೆ ಕೋಣೆ, ಈಗ ಪೀಠೋಪಕರಣ ಎಲ್ಲೆಲ್ಲಿದೆ ಅಂತ ಗೊತ್ತಿರುವ ಕತ್ತಲೆ ಕೋಣೆ.

ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ: ಒಬ್ಬ ಒಳ್ಳೆಯ ಫಿಸಿಶಿಯನ್‌ನಿಂದ ಶುರು ಮಾಡಿ, ಫೈಲು ಒಂದೇ ಇರಲಿ. ಅಲ್ಲಿ ಬಗೆಹರಿಯದಿದ್ದರೆ ಮೆಡಿಕಲ್ ಕಾಲೇಜ್ ಆಸ್ಪತ್ರೆ ಒಳ್ಳೆಯದು. ವಿಕ್ಟೋರಿಯಾ, ಬೌರಿಂಗ್, ಸೇಂಟ್ ಜಾನ್ಸ್ ಇಂಥ ಕಡೆ ಚರ್ಮ, ಮೆಡಿಸಿನ್, ಹಲ್ಲು ಮುಖದ ವಿಭಾಗಗಳು ಒಂದೇ ಕಾಂಪೌಂಡಿನಲ್ಲೋ ಹತ್ತಿರದಲ್ಲೋ ಸಿಗುತ್ತವೆ. ಕಿಡ್ನಿ ಅಂತ ಗೊತ್ತಾದರೆ ವಿಕ್ಟೋರಿಯಾ ಆವರಣದಲ್ಲೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಕ್ಯೂ ಇರುತ್ತದೆ, ಬೆಳಗ್ಗೆ ತಿಂಡಿ ಕಟ್ಟಿಕೊಂಡು ಹೋಗಿ.

ಊತದ ಜೊತೆ ಬದುಕುವುದು ಬೇರೆಯೇ ವಿದ್ಯೆ. ತಂಗಿ ಮದುವೆಯ ಆಲ್ಬಮ್ಮಿನಲ್ಲಿ ನಾನು ಒಂದೇ ಒಂದು ಫೋಟೋದಲ್ಲಿದ್ದೇನೆ, ಅದೂ ಬೆನ್ನು ತೋರಿಸಿ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬರು ನನ್ನನ್ನು ನೋಡಿ, ಆಮೇಲೆ ನನ್ನ ಗಂಡನನ್ನು ಒಂಥರಾ ನೋಡಿದರು. ಪಾಪ, ನನ್ನ ಗಂಡ ಏನೂ ಮಾಡದೆ ತಲೆ ತಗ್ಗಿಸಿದರು. ಅವತ್ತಿನಿಂದ ಒಂದು ಸಾಲು ಬಾಯಿಪಾಠ ಮಾಡಿಕೊಂಡೆ: "ಇದು ಅಂಟೋ ಕಾಯಿಲೆ ಅಲ್ಲ, ಯಾರೂ ಹೊಡೆದಿಲ್ಲ, ನಾಳೆ ಇಳಿಯುತ್ತೆ." ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಎಚ್ಆರ್‌ಗೆ ಹೇಳಿ ಹಾಜರಿಗೆ ಕಾರ್ಡು ಮಾಡಿಸಿಕೊಂಡೆ. ಪರ್ಸಿನಲ್ಲಿ ಒಂದು ಚೀಟಿ ಇದೆ, ಯಾವ ಮಾತ್ರೆ ಎಷ್ಟು, ಯಾವ ನೋವಿನ ಮಾತ್ರೆ ಕೊಡಬಾರದು, ಯಾರಿಗೆ ಫೋನ್ ಮಾಡಬೇಕು ಅಂತ.

ಕೊನೆಯ ಸಲ ಊದಿದ್ದು ಹನ್ನೊಂದು ವಾರದ ಹಿಂದೆ, ಕೆಳತುಟಿ, ಆರು ಗಂಟೆ ಅಷ್ಟೇ. ಮುಂದಿನ ತಿಂಗಳು ಮೂರು ಮಾತ್ರೆಗೆ ಇಳಿಸಿ ನೋಡೋಣ ಅಂದಿದ್ದಾರೆ ಡಾಕ್ಟರು. ನೋಟ್‌ಬುಕ್ಕಿನಲ್ಲಿ ಇನ್ನೂ ನೂರಾ ನಲವತ್ತು ಪುಟ ಖಾಲಿ ಇವೆ. ಬದನೆಕಾಯಿ ಎಣ್ಣೆಗಾಯಿ ಮಾತ್ರ ಹೋದ ಭಾನುವಾರದಿಂದ ಮತ್ತೆ ಶುರುವಾಗಿದೆ.